ಕ್ರಮವಿಧಿಯ ಕಣಜ: ಕಿರು ರೋಬೋಟುಗಳ ಸ್ಮೃತಿವಿಸ್ತಾರ

ಯಂತ್ರಕ್ಕೆ ಸ್ವಂತ ಬುದ್ಧಿಯಿಲ್ಲ. ಬುದ್ಧಿಯುಳ್ಳವರು ಬರೆದಿಟ್ಟ ವಿಧಿಯನ್ನು ಚಾಚೂ ತಪ್ಪದೆ ಪಾಲಿಸುವ ಸಾಮರ್ಥ್ಯವೊಂದೇ ಅದರ ಬಂಡವಾಳ. ನೆಲದ ಮೇಲೆ ಎಳೆದ ಕಪ್ಪು ಗೆರೆಯನ್ನು ಹಿಡಿದು ಸಾಗುವ, ಎದುರಿಗೆ ಗೋಡೆ ಬಂದರೆ ನಿಂತು ಪಕ್ಕಕ್ಕೆ ತಿರುಗುವ ಪುಟ್ಟ ಬಂಡಿಗಳನ್ನು ಇಂದು ಶಾಲೆಯ ಮಕ್ಕಳು ತಮ್ಮ ಕೈಯಾರೆ ಕಟ್ಟುತ್ತಿದ್ದಾರೆ. 2016ರಲ್ಲಿ ಆರಂಭವಾದ ಅಟಲ್ ಇನ್ನೋವೇಶನ್ ಮಿಷನ್ ಎಂಬ ಕೇಂದ್ರ ಸರ್ಕಾರದ ಯೋಜನೆಯ ಮೂಲಕ, ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗಾಗಿ ಟಿಂಕರಿಂಗ್ ಪ್ರಯೋಗಾಲಯಗಳು ಕರ್ನಾಟಕದ ಅನೇಕ ಶಾಲೆಗಳಲ್ಲಿಯೂ ತೆರೆದ ಮೇಲೆ ಈ ಹವ್ಯಾಸವು ದೊಡ್ಡ ನಗರಗಳ ಸೊತ್ತಾಗಿ ಉಳಿದಿಲ್ಲ.

ಇಂತಹ ಬಂಡಿಗೆ ಹೃದಯಪ್ರಾಯವಾದುದು ಮೈಕ್ರೋಕಂಟ್ರೋಲರ್ ಎಂಬ ಸೂಕ್ಷ್ಮನಿಯಂತ್ರಕ. ಹೆಬ್ಬೆರಳಿನ ಉಗುರಿಗಿಂತ ಕಿರಿದಾದ ಸಿಲಿಕಾನ್ ತುಣುಕಿನಲ್ಲಿ ಎಣಿಸುವ ಅಂಗ, ನೆನೆಯುವ ಅಂಗ, ಹೊರಲೋಕದೊಡನೆ ವ್ಯವಹರಿಸುವ ಅಂಗಗಳೆಲ್ಲ ಅಡಕವಾಗಿವೆ. ಅದು ಏನು ಮಾಡಬೇಕೆಂಬುದನ್ನು ತಿಳಿಸುವ ಆಜ್ಞೆಗಳ ಸಾಲಿಗೆ ಕ್ರಮವಿಧಿಯೆಂದು ಹೆಸರು. ವ್ಯವಹಾರದಲ್ಲಿ ಪ್ರೋಗ್ರಾಮ್ ಎನ್ನುವುದು ಇದನ್ನೇ. ವಿದ್ಯಾರ್ಥಿಯು ಮೊದಲು ಬಂಡಿಗೆ ಗೆರೆ ಹಿಡಿಯುವುದನ್ನು ಕಲಿಸುತ್ತಾನೆ. ಬಳಿಕ ಅಡೆತಡೆಗಳನ್ನು ಅರಿಯುವುದನ್ನು ಸೇರಿಸುತ್ತಾನೆ. ಆಮೇಲೆ ಒಂದು ಚಿಕ್ಕ ಪರದೆ, ಅದರ ಮೇಲೆ ನಾಲ್ಕು ಮಾತು, ಅದರ ಜೊತೆಗೆ ಒಂದು ದನಿ. ಹೀಗೆ ಬೆಳೆಯುತ್ತ ಹೋದ ಕ್ರಮವಿಧಿಯು ಒಂದು ದಿನ ನಿಯಂತ್ರಕದಲ್ಲಿ ಹಿಡಿಸದಾಗುತ್ತದೆ. ಪ್ರದರ್ಶನಕ್ಕೆ ಎರಡು ದಿನವಿರುವಾಗ ಈ ತೊಡಕು ತಲೆದೋರಿದರೆ, ಹಲವು ವಾರಗಳ ಶ್ರಮ ಮೇಜಿನ ಮೇಲೆಯೇ ನಿಂತುಬಿಡುತ್ತದೆ.

ಆಗ ಸಾಮಾನ್ಯವಾಗಿ ಕೇಳಿಬರುವ ಸಲಹೆ, ಇನ್ನಷ್ಟು ಮೆಮೊರಿ ಕೊಂಡು ಜೋಡಿಸಿರಿ ಎಂಬುದು. ಈ ಸಲಹೆ ಕೆಲವೊಮ್ಮೆ ಸರಿ, ಹಲವು ವೇಳೆ ವ್ಯರ್ಥವ್ಯಯ. ಯಾವ ಕೋಶ ತುಂಬಿದೆ, ಆ ಕೋಶವನ್ನು ಹೊರಗಿನಿಂದ ಹಿಗ್ಗಿಸಲು ಆ ನಿಯಂತ್ರಕದ ರಚನೆಯಲ್ಲಿ ಅವಕಾಶವುಂಟೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳದೆ ಹಣ ತೆರುವುದು ರೋಗವರಿಯದೆ ಮದ್ದು ಕೊಟ್ಟಂತೆಯೇ ಸರಿ.

ಕಣಜ, ಕಣ ಮತ್ತು ಪೆಟ್ಟಿಗೆ

ಶಾಲೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಆರ್ಡುಯಿನೋ ಊನೋ ಎಂಬ ಫಲಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆರ್ಡುಯಿನೋ ಯೋಜನೆಯು 2005ರಲ್ಲಿ ಇಟಲಿಯ ಇವ್ರೇಯ ಪಟ್ಟಣದಲ್ಲಿ ಹುಟ್ಟಿತು. ಊನೋ ಫಲಕವು 2010ರಲ್ಲಿ ಬಂದಿತು. ಅದರಲ್ಲಿರುವ ನಿಯಂತ್ರಕದ ಹೆಸರು ಎಟಿಮೆಗಾ 328ಪಿ. ಇದರೊಳಗೆ ಮೂರು ಬಗೆಯ ಸ್ಮೃತಿಕೋಶಗಳಿವೆ.

ಮೊದಲನೆಯದು ಫ್ಲಾಶ್ ಎಂಬ ಕೋಶ, 32 ಕಿಲೋಬೈಟುಗಳದು. ಕ್ರಮವಿಧಿಯು ನೆಲೆಸುವುದು ಇಲ್ಲಿ. ವಿದ್ಯುತ್ತು ಹೋದರೂ ಇದರಲ್ಲಿರುವುದು ಅಳಿಯದು. ಒಕ್ಕಲಿಗನ ಮನೆಯ ಕಣಜಕ್ಕೆ ಇದನ್ನು ಹೋಲಿಸಬಹುದು. ಎರಡನೆಯದು ರ್‍ಯಾಮ್ ಎಂಬ ಕೋಶ, ಕೇವಲ 2 ಕಿಲೋಬೈಟುಗಳದು. ಕೆಲಸ ನಡೆಯುತ್ತಿರುವಾಗ ಹುಟ್ಟಿ ಬದಲಾಗುವ ಅಂಕಿಗಳು ಇಲ್ಲಿರುತ್ತವೆ. ವಿದ್ಯುತ್ತು ಕಡಿದೊಡನೆ ಬರಿದಾಗುತ್ತದೆ. ಇದು ಕಣಜವಲ್ಲ, ಒಕ್ಕಣೆ ನಡೆಯುವ ಕಣ. ಮೂರನೆಯದು ಇಇಪ್ರೊಮ್ ಎಂಬ ಕೋಶ, 1 ಕಿಲೋಬೈಟಿನದು. ಬಂಡಿಯು ಕಲಿತ ಅಳತೆಗಳನ್ನು ಮರುದಿನಕ್ಕಾಗಿ ಬರೆದಿಡುವ ಕಿರುಪೆಟ್ಟಿಗೆಯಿದು.

ಈ ಮೂರರ ಭೇದವನ್ನು ಅರಿತವನಿಗೆ ಅರ್ಧ ಸಮಸ್ಯೆ ಪರಿಹಾರವಾದಂತೆ. ಕಣಜ ತುಂಬಿದರೆ ಗಣಕವು ಅದನ್ನು ಮೊದಲೇ ಹೇಳುತ್ತದೆ. ಕ್ರಮವಿಧಿ ನಿಯಂತ್ರಕದೊಳಕ್ಕೆ ಇಳಿಯುವುದೇ ಇಲ್ಲ. ಕಣ ತುಂಬಿದರೆ ಆಗುವ ಅನರ್ಥ ಬೇರೆ. ಕ್ರಮವಿಧಿ ಒಳಗಿಳಿಯುತ್ತದೆ, ಬಂಡಿ ಹೊರಡುತ್ತದೆ. ಸ್ವಲ್ಪ ದೂರ ಹೋಗಿ ಹುಚ್ಚುಹುಚ್ಚಾಗಿ ತಿರುಗುತ್ತದೆ, ಇಲ್ಲವೆ ತಾನಾಗಿ ಮೊದಲಿನಿಂದ ಆರಂಭಿಸುತ್ತದೆ. ಆಗ ಮೋಟಾರು ಕೆಟ್ಟಿದೆಯೆಂದೂ ಬ್ಯಾಟರಿ ಸೋತಿದೆಯೆಂದೂ ಶಂಕಿಸಿ ಹೊಸವನ್ನು ತರಿಸುವುದುಂಟು. ಪ್ರತಿ ಸಲ ಕ್ರಮವಿಧಿಯನ್ನು ಸಿದ್ಧಪಡಿಸಿದಾಗಲೂ ಗಣಕದ ಪರದೆಯ ಕೆಳಭಾಗದಲ್ಲಿ ಎರಡು ಲೆಕ್ಕಗಳು ಕಾಣುತ್ತವೆ: ಕಣಜದಲ್ಲಿ ಎಷ್ಟು ಬೈಟುಗಳು ಖರ್ಚಾದುವು, ಕಣದಲ್ಲಿ ಎಷ್ಟು ಬೈಟುಗಳು ಖರ್ಚಾದುವು ಎಂದು. ಈ ಎರಡು ಸಾಲುಗಳನ್ನು ಓದುವ ಅಭ್ಯಾಸವನ್ನು ಮೊದಲ ಪಾಠದಲ್ಲಿಯೇ ಕಲಿಸತಕ್ಕದ್ದು.

ಹೊರಗಣ ಕಣಜದ ಕಾಲ

ಕ್ರಮವಿಧಿಯ ಕೋಶವನ್ನು ಹೊರಗಿನಿಂದ ಹಿಗ್ಗಿಸುವುದು ಹೊಸ ವಿಚಾರವಲ್ಲ. ಅಮೆರಿಕದ ಇಂಟೆಲ್ ಸಂಸ್ಥೆಯು 1980ರಲ್ಲಿ ಹೊರತಂದ 8051 ಎಂಬ ನಿಯಂತ್ರಕವು ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ದೀರ್ಘಕಾಲ ಪಾಠವಾಗಿತ್ತು; ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಅದರ ನೆನಪಿದ್ದೀತು. ಅದರೊಳಗಿದ್ದ ಕಣಜ 4 ಕಿಲೋಬೈಟುಗಳದು ಮಾತ್ರ. ಆದರೆ ಹದಿನಾರು ತಂತಿಗಳ ಮೂಲಕ ಹೊರಗಿನ ಸ್ಮೃತಿಯ ಒಂದೊಂದು ಮನೆಯನ್ನೂ ಸಂಖ್ಯೆಯಿಂದ ಕರೆಯುವ ಶಕ್ತಿ ಅದಕ್ಕಿತ್ತು. ಹದಿನಾರು ತಂತಿಗಳಿಂದ 65,536 ಮನೆಗಳನ್ನು, ಅಂದರೆ 64 ಕಿಲೋಬೈಟುಗಳನ್ನು ಕರೆಯಬಹುದು. ಇಎ ಎಂಬ ಒಂದು ಕಾಲನ್ನು ಸೊನ್ನೆಗೆ ಕಟ್ಟಿದರೆ ನಿಯಂತ್ರಕವು ಎಲ್ಲ ಆಜ್ಞೆಗಳನ್ನೂ ಹೊರಗಿನಿಂದಲೇ ಓದುತ್ತಿತ್ತು. ಮೇಲಕ್ಕೆ ಕಟ್ಟಿದರೆ ಮೊದಲ 4 ಕಿಲೋಬೈಟುಗಳನ್ನು ಒಳಗಿನಿಂದ, ಮಿಕ್ಕುದನ್ನು ಹೊರಗಿನಿಂದ ಓದುತ್ತಿತ್ತು. ಓಲೆಗರಿಯ ಕಟ್ಟಿಗೆ ದಾರ ಬಿಚ್ಚಿ ಇನ್ನಷ್ಟು ಗರಿಗಳನ್ನು ಪೋಣಿಸಿದಂತೆ ಈ ವಿಸ್ತಾರ ಸರಳವಾಗಿತ್ತು.

ಸರಳವಾದರೂ ಅದು ಉಚಿತವಾಗಿರಲಿಲ್ಲ. ಹೊರಗಣ ಕಣಜವನ್ನು ಜೋಡಿಸಿದಾಗ ನಿಯಂತ್ರಕದ ನಾಲ್ಕು ದ್ವಾರಗಳಲ್ಲಿ ಎರಡು, ಎಂದರೆ ಹದಿನಾರು ಕಾಲುಗಳು, ಆ ಕಾರ್ಯಕ್ಕೇ ಮೀಸಲಾಗುತ್ತಿದ್ದುವು. ಮೋಟಾರಿಗೂ ಸಂವೇದಕಗಳಿಗೂ ಉಳಿಯುವ ಕಾಲುಗಳು ಅಷ್ಟರಮಟ್ಟಿಗೆ ಕಡಿಮೆ. ಅಲ್ಲದೆ ಅಂದಿನ ಹೊರಗಣ ಸ್ಮೃತಿಯು ಇಪ್ರೊಮ್ ಎಂಬ ಜಾತಿಯದು. ಅದರ ಬೆನ್ನಿನ ಮೇಲೆ ಸ್ಫಟಿಕದ ಕಿಟಕಿಯೊಂದಿರುತ್ತಿತ್ತು. ಬರೆದುದನ್ನು ಅಳಿಸಬೇಕಾದರೆ ಆ ಕಿಟಕಿಯ ಮೂಲಕ ನೇರಳಾತೀತ ಬೆಳಕನ್ನು ಹದಿನೈದಿಪ್ಪತ್ತು ನಿಮಿಷ ಬೀಳಿಸಬೇಕು. ಒಂದು ಅಕ್ಷರ ತಪ್ಪಿದರೂ ಮತ್ತೆ ಅದೇ ತಪಸ್ಸು.

ವಿದ್ಯುತ್ತಿನಿಂದಲೇ ಅಳಿಸಿ ಬರೆಯಬಹುದಾದ ಫ್ಲಾಶ್ ಸ್ಮೃತಿಯನ್ನು ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಸುವೋಕಾ ಅವರು 1984ರಲ್ಲಿ ವಿದ್ವತ್ಸಭೆಯ ಮುಂದಿರಿಸಿದರು. ಕಾಲಕ್ರಮದಲ್ಲಿ ಅದು ನಿಯಂತ್ರಕದ ಒಳಗೇ ಬಂದು ನೆಲೆಸಿತು. ಅನುಕೂಲ ಹೆಚ್ಚಿತು, ಆದರೆ ಹೊರಗಿನ ಬಾಗಿಲು ಮುಚ್ಚಿತು. ಊನೋದ ನಿಯಂತ್ರಕದಲ್ಲಿ ಆಜ್ಞೆಗಳನ್ನು ಓದುವ ದಾರಿ ಬೇರೆ, ಅಂಕಿಗಳನ್ನು ಓದುವ ದಾರಿ ಬೇರೆ. ಆಜ್ಞೆಯ ದಾರಿಯು ಒಳಗಿನ ಫ್ಲಾಶಿನಲ್ಲಿಯೇ ಆರಂಭವಾಗಿ ಒಳಗೇ ಮುಗಿಯುತ್ತದೆ. ಹೊರಗಿನ ಕಾಲುಗಳವರೆಗೆ ಅದು ಬರುವುದಿಲ್ಲ.

ಆದುದರಿಂದ ಎಸ್‌ಡಿ ಕಾರ್ಡನ್ನು ಜೋಡಿಸಿದರೆ ಊನೋದಲ್ಲಿ ದೊಡ್ಡ ಕ್ರಮವಿಧಿ ಹಿಡಿಸುತ್ತದೆಂಬ ನಂಬಿಕೆ ಸಾಧುವಲ್ಲ. ಕಾರ್ಡಿನಲ್ಲಿರುವುದನ್ನು ನಿಯಂತ್ರಕವು ಅಂಕಿಗಳಾಗಿ ಓದಬಲ್ಲುದೇ ಹೊರತು ಆಜ್ಞೆಗಳಾಗಿ ನಡೆಸಲಾರದು. ಮಿಗಿಲಾಗಿ, ಕಾರ್ಡನ್ನು ಓದುವ ವಿಧಾನವನ್ನು ತಿಳಿಸುವ ಉಪವಿಧಿಗಳೇ ಕಣಜದ ಗಣನೀಯ ಭಾಗವನ್ನು ಕಬಳಿಸುತ್ತವೆ. ಒಂದು ಖಂಡವನ್ನು ತಂದಿಡಲು 512 ಬೈಟುಗಳ ಜಾಗ ಕಣದಲ್ಲಿ ಬೇಕಾಗುತ್ತದೆ, ಅದು ಇದ್ದುದರ ಕಾಲುಭಾಗ. ಹಿಗ್ಗಿಸಲು ಹೋಗಿ ಕುಗ್ಗಿಸಿದಂತಾಗುತ್ತದೆ.

ಕಾರ್ಡಿಗೆ ತಕ್ಕ ಕೆಲಸ ಬೇರೆ ಇದೆ. ಸೆಕೆಂಡಿಗೆ 8,000 ಮಾದರಿಗಳಂತೆ ಒಂದೊಂದಕ್ಕೆ ಒಂದು ಬೈಟು ಹಿಡಿದು ದನಿಯನ್ನು ಮುದ್ರಿಸಿದರೆ, ಊನೋದ ಇಡೀ ಕಣಜದಲ್ಲಿ ಹಿಡಿಸುವುದು ಸುಮಾರು ನಾಲ್ಕು ಸೆಕೆಂಡುಗಳ ಮಾತು. ದನಿ, ಚಿತ್ರ, ದಿನವಿಡೀ ಸಂಗ್ರಹಿಸಿದ ಅಳತೆಗಳು, ಇವೆಲ್ಲ ಅಂಕಿಗಳು. ಇವು ಹೊರಗಿನ ಕಾರ್ಡಿನಲ್ಲಿ ಇರತಕ್ಕವು.

ವ್ಯಾಖ್ಯಾನಕಾರನ ಮಾರ್ಗ

ಬಾಗಿಲು ಮುಚ್ಚಿದ್ದರೂ ಒಂದು ಉಪಾಯವುಂಟು. ಸೂತ್ರವನ್ನು ಓದಿ ಅರ್ಥ ಹೇಳುವ ವ್ಯಾಖ್ಯಾನಕಾರನನ್ನು ಒಳಗೆ ಕೂರಿಸಿ, ಸೂತ್ರಗಳನ್ನು ಹೊರಗೆ ಇಡುವುದು ಆ ಉಪಾಯ. ನಿಯಂತ್ರಕದ ಒಳಗಿನ ಚಿಕ್ಕ ಕ್ರಮವಿಧಿಯು ಹೊರಗಿನ ಸ್ಮೃತಿಯಿಂದ ಒಂದೊಂದು ಸಂಕೇತವನ್ನು ಓದಿ, ಅದರ ಅರ್ಥವನ್ನು ತಿಳಿದು, ಅದರಂತೆ ನಡೆಸುತ್ತದೆ. ಆಗ ಹೊರಗಿರುವುದು ನಿಯಂತ್ರಕದ ದೃಷ್ಟಿಯಲ್ಲಿ ಅಂಕಿ. ವಿದ್ಯಾರ್ಥಿಯ ದೃಷ್ಟಿಯಲ್ಲಿ ಕ್ರಮವಿಧಿ.

ಅಮೆರಿಕದ ಪ್ಯಾರಲಾಕ್ಸ್ ಸಂಸ್ಥೆಯು 1992ರಲ್ಲಿ ಹೊರತಂದ ಬೇಸಿಕ್ ಸ್ಟ್ಯಾಂಪ್ ಇದೇ ತತ್ತ್ವದ ಮೇಲೆ ನಿಂತಿತು. ಮೊದಲನೆಯ ಮಾದರಿಯಲ್ಲಿ ಕ್ರಮವಿಧಿಗೆ ಇದ್ದ ಸ್ಥಳ 256 ಬೈಟುಗಳು, ಎರಡನೆಯದರಲ್ಲಿ 2,048. ಹವ್ಯಾಸಿಗಳ ರೋಬೋಟುಗಳಿಗೆ ಅದು ಬಹುಕಾಲ ಆಧಾರವಾಗಿತ್ತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫ್ರೆಡ್ ಮಾರ್ಟಿನ್ ಅವರು ವಿದ್ಯಾರ್ಥಿಗಳಿಗಾಗಿ ರೂಪಿಸಿದ ಹ್ಯಾಂಡಿ ಬೋರ್ಡ್ ಇನ್ನೊಂದು ನಿದರ್ಶನ. ಅದರ ಮೋಟರೋಲಾ ನಿಯಂತ್ರಕದ ಹೊರಗೆ 32 ಕಿಲೋಬೈಟುಗಳ ಸ್ಮೃತಿಯನ್ನು ಜೋಡಿಸಿ, ಅಳಿಯದಂತೆ ಬ್ಯಾಟರಿಯ ಆಸರೆ ಕೊಟ್ಟಿದ್ದರು. ಈ ಮಾರ್ಗದ ಬೆಲೆ ವೇಗ. ಎರಡನೆಯ ಸ್ಟ್ಯಾಂಪು ಸೆಕೆಂಡಿಗೆ ಸುಮಾರು 4,000 ಆಜ್ಞೆಗಳನ್ನು ಮಾತ್ರ ನಡೆಸುತ್ತಿತ್ತು. ಊನೋ ಸೆಕೆಂಡಿಗೆ 1 ಕೋಟಿ 60 ಲಕ್ಷ ಮಿಡಿತಗಳಲ್ಲಿ ಓಡುತ್ತದೆ. ಮೆಲ್ಲನೆ ನಡೆಯುವ ಬಂಡಿಗೆ ವ್ಯಾಖ್ಯಾನಕಾರ ಸಾಕು; ವೇಗವಾಗಿ ಗೆರೆ ಹಿಡಿಯುವ ಬಂಡಿಗೆ ಸಾಲದು.

ಖರ್ಚಿಲ್ಲದ ವಿಸ್ತಾರ

ಕೊಳ್ಳುವುದಕ್ಕೆ ಮುಂಚೆ ಇರುವ ಕಣಜವನ್ನು ಒಪ್ಪಮಾಡುವುದು ಉಚಿತ. ವ್ಯಾಕರಣಶಾಸ್ತ್ರದಲ್ಲಿ ಪ್ರತ್ಯಾಹಾರವೆಂಬುದೊಂದುಂಟು. ಸ್ವರಗಳೆಲ್ಲವನ್ನೂ ಮತ್ತೆ ಮತ್ತೆ ಪಠಿಸುವ ಬದಲು ಅಚ್ ಎಂಬ ಒಂದೇ ಹೆಸರಿನಿಂದ ಕರೆದುಬಿಡುತ್ತಾರೆ. ಕ್ರಮವಿಧಿಯಲ್ಲಿಯೂ ಹೀಗೆಯೇ. ಎಡಕ್ಕೆ ತಿರುಗಿಸುವ ಆರು ಆಜ್ಞೆಗಳನ್ನು ಹತ್ತು ಕಡೆ ಬರೆಯುವ ಬದಲು ಒಂದು ಕಡೆ ಬರೆದು, ಹೆಸರಿಟ್ಟು, ಹತ್ತು ಕಡೆಯೂ ಆ ಹೆಸರಿನಿಂದ ಕರೆಯಬಹುದು. ಬಂಡಿಯ ಮುಂದೆ ಗೆರೆ ನೋಡುವ ಐದು ಕಣ್ಣುಗಳಿದ್ದರೆ ಕಪ್ಪು ಬಿಳುಪುಗಳ 32 ಸನ್ನಿವೇಶಗಳುಂಟು. ಒಂದೊಂದಕ್ಕೂ ಬೇರೆ ಬೇರೆ ನಿಬಂಧನೆ ಬರೆಯುವ ವಿದ್ಯಾರ್ಥಿ ಕಣಜವನ್ನು ತುಂಬಿಸುತ್ತಾನೆ. 32 ಬೈಟುಗಳ ಒಂದು ಕೋಷ್ಟಕವನ್ನು ಬರೆದು, ಸನ್ನಿವೇಶದ ಸಂಖ್ಯೆಯಿಂದ ಅದರಲ್ಲಿ ನೋಡುವ ವಿದ್ಯಾರ್ಥಿ ಅದೇ ಕೆಲಸವನ್ನು ಅಲ್ಪದರಲ್ಲಿ ಮುಗಿಸುತ್ತಾನೆ.

ದಶಮಾಂಶದ ಲೆಕ್ಕ ಮಾಡುವ ಅಂಗ ಈ ನಿಯಂತ್ರಕದಲ್ಲಿಲ್ಲ. ಅದನ್ನು ಆಜ್ಞೆಗಳಿಂದಲೇ ಸಾಧಿಸಬೇಕಾದುದರಿಂದ ಸ್ಥಳ ಹೆಚ್ಚು ಹಿಡಿಯುತ್ತದೆ. 12.5 ಸೆಂಟಿಮೀಟರು ಎನ್ನುವ ಬದಲು 125 ಮಿಲಿಮೀಟರು ಎಂದರೆ ಪೂರ್ಣಾಂಕವೇ ಸಾಕು. ಲೈಬ್ರರಿಯೆಂದು ಕರೆಯುವ ಸಿದ್ಧ ಉಪವಿಧಿಗಳ ಸಂಗ್ರಹಗಳಲ್ಲಿ ಬೇಕಾದವನ್ನಷ್ಟೆ ಇಟ್ಟುಕೊಂಡು ಮಿಕ್ಕವನ್ನು ಬಿಡುವುದು ಇನ್ನೊಂದು ದಾರಿ. ಕ್ರಮವಿಧಿಯಲ್ಲಿ ಬರೆದ ವಾಕ್ಯಗಳು ಕಣಜದಲ್ಲಿಯೂ ಇದ್ದು, ಆರಂಭದಲ್ಲಿ ಕಣಕ್ಕೂ ನಕಲಾಗುತ್ತವೆ. ಎಫ್ ಎಂಬ ಒಂದಕ್ಷರದ ಆವರಣದೊಳಗೆ ವಾಕ್ಯವನ್ನಿಟ್ಟರೆ ಆ ನಕಲು ತಪ್ಪುತ್ತದೆ. ಇದರಿಂದ ಉಳಿಯುವುದು ಕಣದ ಸ್ಥಳವೇ ಹೊರತು ಕಣಜದ್ದಲ್ಲ ಎಂಬುದನ್ನು ಮರೆಯಬಾರದು.

ಕಣಜದ ಒಂದು ಮೂಲೆಯಲ್ಲಿ ಬೂಟ್‌ಲೋಡರ್ ಎಂಬ ದ್ವಾರಪಾಲಕನೊಬ್ಬನಿದ್ದಾನೆ. ಗಣಕದಿಂದ ಬಂದ ಕ್ರಮವಿಧಿಯನ್ನು ಒಳಗಿಳಿಸುವುದು ಅವನ ಕೆಲಸ. ಊನೋದಲ್ಲಿ ಅವನು ಹಿಡಿಯುವ ಸ್ಥಳ 512 ಬೈಟುಗಳು, ಉಳಿಯುವುದು 32,256. ಅದೇ ನಿಯಂತ್ರಕವುಳ್ಳ ನ್ಯಾನೋ ಎಂಬ ಕಿರುಫಲಕದ ಹಳೆಯ ಮಾದರಿಗಳಲ್ಲಿ ಅವನು 2 ಕಿಲೋಬೈಟುಗಳನ್ನು ಹಿಡಿಯುವುದರಿಂದ ಉಳಿಯುವುದು 30,720 ಮಾತ್ರ. ಹಳೆಯ ದ್ವಾರಪಾಲಕನನ್ನು ಬದಲಿಸಿ ಹೊಸಬನನ್ನು ನಿಲ್ಲಿಸಿದರೆ ಒಂದು ಪೈಸೆಯ ಖರ್ಚಿಲ್ಲದೆ 1,536 ಬೈಟುಗಳು ದೊರೆಯುತ್ತವೆ. ಇದಕ್ಕೆ ಶಾಲೆಯಲ್ಲಿರುವ ಮತ್ತೊಂದು ಊನೋವನ್ನೇ ಉಪಕರಣವಾಗಿ ಬಳಸಬಹುದು.

ಕನ್ನಡ ನುಡಿಯುವ ರೋಬೋಟು

ಕನ್ನಡ ಶಾಲೆಯ ಬಂಡಿ ಕನ್ನಡದಲ್ಲಿಯೇ ಮಾತು ತೋರಿಸಬೇಕೆಂಬ ಆಸೆ ಸಹಜವಾದುದು, ಯೋಗ್ಯವಾದುದು. ಆದರೆ ಅದರ ಲೆಕ್ಕವನ್ನು ಮೊದಲೇ ತಿಳಿದಿರಬೇಕು. ಪ್ರಚಲಿತವಾದ ಯುಟಿಎಫ್-8 ಸಂಕೇತಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು. ಕನ್ನಡದ ಒಂದೊಂದು ಮೂಲಾಕ್ಷರಕ್ಕೂ, ಗುಣಿತದ ಚಿಹ್ನೆಗೂ, ಒತ್ತಕ್ಷರವನ್ನು ಕೂಡಿಸುವ ಹಲಂತಕ್ಕೂ ಪ್ರತ್ಯೇಕವಾಗಿ ಮೂರು ಬೈಟುಗಳು. “ಎಡಕ್ಕೆ ತಿರುಗು” ಎಂಬ ಎರಡು ಪದಗಳಲ್ಲಿ ಇಂತಹ ಹನ್ನೆರಡು ಘಟಕಗಳೂ ಒಂದು ತೆರಪೂ ಇವೆ. ಒಟ್ಟು 37 ಬೈಟುಗಳು. ಇದೇ ಅರ್ಥದ ಇಂಗ್ಲಿಷ್ ಮಾತು 9 ಬೈಟುಗಳಲ್ಲಿ ಮುಗಿಯುತ್ತದೆ.

ಒತ್ತು, ಕೊಂಬು, ದೀರ್ಘಗಳನ್ನು ತಕ್ಕ ಸ್ಥಾನದಲ್ಲಿ ಕೂಡಿಸಿ ಬರೆಯುವ ಜಾಣ್ಮೆ ಇಂತಹ ಚಿಕ್ಕ ನಿಯಂತ್ರಕಗಳ ಸಾಮಾನ್ಯ ಲೈಬ್ರರಿಗಳಲ್ಲಿ ಇಲ್ಲ. ಆದುದರಿಂದ ಪದವನ್ನು ಚಿತ್ರವಾಗಿ ಬಿಡಿಸಿ ಇಡುವುದೇ ಕ್ಷೇಮ. ಅಗಲ 64, ಎತ್ತರ 16 ಚುಕ್ಕೆಗಳ ಒಂದು ಪದಚಿತ್ರಕ್ಕೆ 128 ಬೈಟುಗಳು ಸಾಕು. ಇಪ್ಪತ್ತು ಪದಗಳಿಗೆ 2,560. ಊನೋದ ಕಣಜದಲ್ಲಿ ಇದು ಹನ್ನೆರಡನೆಯ ಒಂದು ಭಾಗವನ್ನೂ ಮೀರದು. ಆದರೆ ಅಗಲ 128, ಎತ್ತರ 64 ಚುಕ್ಕೆಗಳ ಪರದೆಯನ್ನು ಚಿತ್ರಪರದೆಯಾಗಿ ಬಳಸುವ ಲೈಬ್ರರಿಗಳಲ್ಲಿ ಅನೇಕವು ಇಡೀ ಪರದೆಯ ಪ್ರತಿಯನ್ನು, ಅಂದರೆ 1,024 ಬೈಟುಗಳನ್ನು, ಕಣದಲ್ಲಿಟ್ಟುಕೊಳ್ಳುತ್ತವೆ. ಅಲ್ಲಿಗೆ ಕಣದ ಅರ್ಧ ಹೋಯಿತು. ಪದಚಿತ್ರಗಳನ್ನು ಕಣಜದಿಂದ ನೇರವಾಗಿ ಪರದೆಗೆ ಕಳುಹಿಸುವಂತೆ ಕ್ರಮವಿಧಿಯನ್ನು ಬರೆದರೆ ಈ ಹೊರೆ ತಪ್ಪುತ್ತದೆ. ಕನ್ನಡವು ಚಿಕ್ಕ ಯಂತ್ರದಲ್ಲಿ ಹಿಡಿಸದೆಂಬ ಮಾತಿಗೆ ಆಧಾರವಿಲ್ಲ. ಯೋಜನೆಯಿಲ್ಲದೆ ಬರೆದರೆ ಹಿಡಿಸದು, ಅಷ್ಟೆ.

ಬದಲಾಯಿಸಬೇಕಾದಾಗ

ಎಲ್ಲ ಮಿತವ್ಯಯದ ಬಳಿಕವೂ ಸ್ಥಳ ಸಾಲದಾದರೆ ನಿಯಂತ್ರಕವನ್ನು ಬದಲಿಸಲು ಸಂಕೋಚಪಡಬೇಕಾಗಿಲ್ಲ. ಆರ್ಡುಯಿನೋ ಮೆಗಾ 2560 ಫಲಕದಲ್ಲಿ ಕಣಜ 256 ಕಿಲೋಬೈಟು, ಕಣ 8 ಕಿಲೋಬೈಟು. ಊನೋಗೆ ಬರೆದುದು ಹೆಚ್ಚಿನಂಶ ಹಾಗೆಯೇ ನಡೆಯುತ್ತದೆ. ಕೆಲವು ಕಾಲುಗಳ ಸಂಖ್ಯೆಯನ್ನು ಮಾತ್ರ ತಿದ್ದಬೇಕು. ವೇಗ ಮೊದಲಿನಷ್ಟೇ.

ಹೊರಗಣ ಕಣಜದ ಹಳೆಯ ತತ್ತ್ವವು ಈಚಿನ ನಿಯಂತ್ರಕಗಳಲ್ಲಿ ಹೊಸ ರೂಪದಿಂದ ಮರಳಿ ಬಂದಿದೆ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪೀಕೋ ಫಲಕದ ಆರ್‌ಪಿ2040 ಎಂಬ ನಿಯಂತ್ರಕದೊಳಗೆ ಫ್ಲಾಶ್ ಕೋಶವೇ ಇಲ್ಲ. ಪಕ್ಕದಲ್ಲಿ ಕೂರಿಸಿದ 2 ಮೆಗಾಬೈಟುಗಳ ಬೇರೆ ಚಿಪ್ಪಿನಿಂದ ಅದು ಆಜ್ಞೆಗಳನ್ನು ಓದಿ ನಡೆಸುತ್ತದೆ. ಈಗ ತಾನೆ ಓದಿದವನ್ನು ಒಳಗಿನ 16 ಕಿಲೋಬೈಟುಗಳ ಚಿಕ್ಕ ಜಗುಲಿಯಲ್ಲಿ ಇಟ್ಟುಕೊಳ್ಳುವುದರಿಂದ ವೇಗ ಕುಂದುವುದು ಕಡಿಮೆ. ಹೊರಗಣ ಚಿಪ್ಪನ್ನು 16 ಮೆಗಾಬೈಟುಗಳವರೆಗೂ ಹಿಗ್ಗಿಸಲು ಆ ರಚನೆಯಲ್ಲಿ ಅವಕಾಶವಿದೆ. ಹದಿನಾರು ಕಾಲುಗಳ ಬದಲು ಆರು ಕಾಲುಗಳು ಈ ಕೆಲಸಕ್ಕೆ ಸಾಕಾಗುತ್ತವೆ. ಇಎಸ್‌ಪಿ32 ಎಂಬ ನಿಯಂತ್ರಕವೂ ಇದೇ ಬಗೆಯದು. ಅದರ 4 ಮೆಗಾಬೈಟುಗಳ ಫಲಕಗಳಲ್ಲಿ ಕ್ರಮವಿಧಿಗೆ ಮೊದಲು ದೊರೆಯುವುದು 13,10,720 ಬೈಟುಗಳು. ನಿಸ್ತಂತುವಾಗಿ ಹೊಸ ಕ್ರಮವಿಧಿಯನ್ನು ಸ್ವೀಕರಿಸಲು ಅಷ್ಟೇ ಸ್ಥಳವನ್ನು ಬೇರೆ ಕಾದಿರಿಸಿರುತ್ತಾರೆ. ಆ ಸೌಕರ್ಯ ಬೇಡವೆಂದರೆ, ಗಣಕದ ಪಟ್ಟಿಯಲ್ಲಿ ವಿಭಜನೆಯ ಕ್ರಮವನ್ನು ಬದಲಿಸಿದ ಮಾತ್ರದಿಂದಲೇ 3 ಮೆಗಾಬೈಟುಗಳು ದೊರೆಯುತ್ತವೆ.

ಇವುಗಳಿಗೆ ಬದಲಾಯಿಸುವಾಗ ಒಂದು ಎಚ್ಚರ ಅಗತ್ಯ. ಊನೋ 5 ವೋಲ್ಟಿನದು. ಪೀಕೋ ಮತ್ತು ಇಎಸ್‌ಪಿ32 ಫಲಕಗಳ ಕಾಲುಗಳು 3.3 ವೋಲ್ಟಿನವು. ಊನೋದೊಡನೆ ಬಳಸುತ್ತಿದ್ದ 5 ವೋಲ್ಟಿನ ಸಂವೇದಕದ ಉತ್ತರತಂತಿಯನ್ನು ನೇರವಾಗಿ ಇವಕ್ಕೆ ಜೋಡಿಸಿದರೆ ನಿಯಂತ್ರಕ ಸುಟ್ಟುಹೋಗುವ ಅಪಾಯವುಂಟು. ಎರಡು ರೋಧಕಗಳನ್ನು ಹಾಕಿ ಒತ್ತಡವನ್ನು ತಗ್ಗಿಸಿಯೇ ಕೊಡಬೇಕು.

ಹೊಸದನ್ನು ಕೊಳ್ಳಲಾಗದ ಶಾಲೆಗೆ ಮತ್ತೊಂದು ದಾರಿ, ಕೆಲಸವನ್ನು ಹಂಚುವುದು. ಶಾಲೆಯಲ್ಲಿರುವ ಎರಡು ಊನೋಗಳಲ್ಲಿ ಒಂದು ಗೆರೆಯನ್ನೂ ಮೋಟಾರನ್ನೂ ನೋಡಿಕೊಳ್ಳಲಿ; ಇನ್ನೊಂದು ಪರದೆಯನ್ನೂ ದನಿಯನ್ನೂ ನೋಡಿಕೊಳ್ಳಲಿ. ಎ4, ಎ5 ಎಂಬ ಎರಡು ಕಾಲುಗಳ ನಡುವೆ ಎರಡು ತಂತಿ, ಭೂತಂತಿಯೊಂದು, ಹೀಗೆ ಮೂರು ತಂತಿಗಳಿಂದ ಅವೆರಡೂ ಸಂಭಾಷಿಸಬಲ್ಲವು. ಕಣಜವೂ ಇಮ್ಮಡಿ, ಕಣವೂ ಇಮ್ಮಡಿ.

ಶಾಲೆಗೆ ತಕ್ಕ ಕ್ರಮ

ಒಟ್ಟಿನಲ್ಲಿ ಅನುಸರಿಸಬೇಕಾದ ಕ್ರಮ ಹೀಗಿದೆ. ಮೊದಲು ಎರಡು ಲೆಕ್ಕಗಳನ್ನು ಓದಿ ಯಾವ ಕೋಶ ತುಂಬಿದೆಯೆಂದು ನಿರ್ಧರಿಸುವುದು. ಎರಡನೆಯದಾಗಿ ಕ್ರಮವಿಧಿಯನ್ನು ಒಪ್ಪಮಾಡುವುದು. ಮೂರನೆಯದಾಗಿ ದನಿ ಚಿತ್ರಗಳನ್ನು ಹೊರಗಿನ ಸ್ಮೃತಿಗೆ ಸಾಗಿಸುವುದು. ನಾಲ್ಕನೆಯದಾಗಿ ಕೆಲಸವನ್ನು ಹಂಚುವುದು. ಇವೆಲ್ಲವೂ ಸಾಲದಾದಾಗ ಮಾತ್ರ ದೊಡ್ಡ ನಿಯಂತ್ರಕವನ್ನು ಕೊಳ್ಳುವುದು.

ಹಳೆಯ ಫಲಕಗಳು ಬೇಗ ಸವೆಯುತ್ತವೆಂಬ ಭಯವೂ ಬೇಡ. ಊನೋದ ಕಣಜವನ್ನು 10,000 ಸಲ ಅಳಿಸಿ ಬರೆಯಬಹುದೆಂದು ತಯಾರಕರು ನಿಗದಿಪಡಿಸಿದ್ದಾರೆ. ವರ್ಷದಲ್ಲಿ 200 ದಿನ, ದಿನಕ್ಕೆ ಹತ್ತು ಸಲ ಬರೆದರೂ ಐದು ವರ್ಷಗಳ ಪಾಠ ಒಂದೇ ಫಲಕದಲ್ಲಿ ನಡೆಯುತ್ತದೆ. ದಾನಿಗಳು ಕೊಟ್ಟ ಒಂದು ಉಪಕರಣದಿಂದ ಐದು ತಂಡಗಳ ಮಕ್ಕಳು ಕಲಿಯಬಹುದೆಂಬುದು ಸಣ್ಣ ಸಂಗತಿಯಲ್ಲ.

ದೊಡ್ಡ ಕಣಜ ತಪ್ಪಲ್ಲ. ಆದರೆ ಕಣಜ ಹಿರಿದಾದ ಮಾತ್ರಕ್ಕೆ ಬೆಳೆ ಹಿರಿದಾಗದು. 32 ಕಿಲೋಬೈಟುಗಳಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ವಿವೇಚಿಸಲು ಕಲಿತ ವಿದ್ಯಾರ್ಥಿಯು ಮುಂದೆ ಎಷ್ಟು ಮೆಗಾಬೈಟುಗಳು ದೊರೆತರೂ ಅವನ್ನು ಸಾರ್ಥಕವಾಗಿ ಬಳಸುತ್ತಾನೆ. ಆ ವಿವೇಚನೆಯನ್ನು ಕಲಿಸದೆ ಮೊದಲಿಗೇ ದೊಡ್ಡ ಕೋಶವನ್ನು ಕೈಗಿತ್ತರೆ ಅದೂ ಒಂದು ದಿನ ತುಂಬುತ್ತದೆ. ಏಕೆ ತುಂಬಿತೆಂಬುದು ಮಾತ್ರ ಅವನಿಗೆ ತಿಳಿಯದು. ಉಪಕರಣವನ್ನು ಅಂಗಡಿಯಿಂದ ತರಬಹುದು, ಮಿತಿಯೊಳಗೆ ದುಡಿಯುವ ಜಾಣ್ಮೆಯನ್ನು ಗುರುವಿನಿಂದಲೇ ಪಡೆಯಬೇಕು.